ಅಂಟು ಒಣಗುತ್ತದೆಯೋ, ಹಿಡಿಯುತ್ತದೆಯೋ, ಹತ್ತುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಕ್ರಿಯಾಪದ ನನ್ನನ್ನು ಎರಡು ದಿನದಿಂದ ಕಾಡುತ್ತಿದೆ. ಉಡುಪಿಯಲ್ಲಿ ನಮ್ಮ ಭಾವನ ಹಾರ್ಡ್‌ವೇರ್ ಅಂಗಡಿ ಇದೆ. ಫೆವಿಕ್ವಿಕ್ ಥರದ ಅಂಟು ಕೊಂಡವರು ಬೆರಳು ಅಂಟಿಸಿಕೊಂಡು ವಾಪಸ್ ಅಂಗಡಿಗೇ ಬರುತ್ತಾರಂತೆ. ‘ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡು ಮಾರಾಯ, ಕೌಂಟರಿನ ಹತ್ತಿರ ತೂಗು ಹಾಕುತ್ತೇನೆ’ ಎಂದರು. ಕೂತು ಮೊದಲ ಸಾಲು ಬರೆದೆ: ‘ಇದು ಬೇಗ ಒಣಗುವ ಅಂಟು.’ ತಲೆಯೆತ್ತಿದರೆ ಹೊರಗೆ ಜಡಿಮಳೆ. ಒಳಗೆ ಹಗ್ಗದ ಮೇಲೆ ಮೂರು ದಿನದ ಬನಿಯನ್ನು, ಇನ್ನೂ ತೇವ. ಬನಿಯನ್ನೇ ಒಣಗದ ಊರಿನಲ್ಲಿ ಈ ಅಂಟು ಮಾತ್ರ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಹೇಗೆ ಒಣಗುತ್ತದೆ?

ಒಣಗುವುದೇ ಇಲ್ಲ. ತಕರಾರು ಇರುವುದು ಅಲ್ಲೇ.

ನಮ್ಮ ಹಳೆಯ ಅಂಟುಗಳೆಲ್ಲ ಒಣಗುವಂಥವು. ಗೋಂದು, ಸರೇಸು, ಯಕ್ಷಗಾನದ ಪೋಸ್ಟರ್ ಹಚ್ಚುವ ಮೈದಾ ಅಂಟು, ಈಗ ಬಡಗಿಗಳು ಬಳಸುವ ಬಿಳಿ ಅಂಟು ಎಲ್ಲದರಲ್ಲೂ ನೀರಿರುತ್ತದೆ. ನೀರು ಹೋದ ಮೇಲೆ ಅಂಟು ಗಟ್ಟಿ. ಹಾಗಾಗಿ ‘ಒಣಗು’ ಸರಿಯಾದ ಮಾತೇ ಆಗಿತ್ತು. ಈ ದಿಢೀರ್ ಅಂಟು ಪೂರ್ತಿ ಉಲ್ಟಾ. ಇದಕ್ಕೆ ತೇವ ಬೇಕು. ಇದರೊಳಗಿನ ಸಯನೋಅಕ್ರಿಲೇಟ್ ಎಂಬ ದ್ರವ ಬಿಡಿ ಬಿಡಿ ಅಣುಗಳಾಗಿ ಇರುತ್ತದೆ. ಅಂಟಿಸುವ ವಸ್ತುವಿನ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಇದ್ದೇ ಇರುತ್ತದೆ ಅಲ್ವಾ, ಅದು ತಾಗಿದರೆ ಸಾಕು. ಒಂದು ಅಣು ಪಕ್ಕದ್ದನ್ನು ಹಿಡಿಯುತ್ತದೆ, ಅದು ಮುಂದಿನದನ್ನು. ನೋಡನೋಡುತ್ತಿದ್ದಂತೆ ಉದ್ದುದ್ದ ಸರಪಳಿ, ಅಂದರೆ ಗಟ್ಟಿ ಪ್ಲಾಸ್ಟಿಕ್. ಟ್ಯೂಬಿನೊಳಗೆ ಇದು ನಡೆಯದಿರಲಿ ಅಂತ ಚೂರು ಆಮ್ಲ ಸೇರಿಸಿರುತ್ತಾರೆ. ಒಮ್ಮೆ ತೂತು ಮಾಡಿದ ಟ್ಯೂಬು ನಮ್ಮ ಮಳೆಗಾಲದಲ್ಲಿ ಎರಡನೇ ಸಲಕ್ಕೆ ಸಿಗದಿರುವುದಕ್ಕೂ ಒಳಗೆ ಹೊಕ್ಕ ಈ ತೇವವೇ ಕಾರಣ.

ಕೊಡಾಕ್ ಕಂಪನಿಯಲ್ಲಿ 1951ರಲ್ಲಿ ಆದದ್ದೂ ಇದೇ. ಹ್ಯಾರಿ ಕೂವರ್ ಎಂಬವರ ತಂಡದಲ್ಲಿದ್ದ ಫ್ರೆಡ್ ಜಾಯ್ನರ್, ಈ ದ್ರವದಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯಲು ಉಪಕರಣದ ಎರಡು ಗಾಜಿನ ಪಟ್ಟಕಗಳ ನಡುವೆ ಅದನ್ನು ಸವರಿದರು. ಆಮೇಲೆ ಪಟ್ಟಕಗಳು ಬಿಡಲೇ ಇಲ್ಲ. ದುಬಾರಿ ಉಪಕರಣ ಹೋಯಿತು, ಅಂಟು ಸಿಕ್ಕಿತು. 1958ರಲ್ಲಿ ಅದು ‘ಈಸ್ಟ್‌ಮನ್ 910’ ಎಂದು ಮಾರಾಟಕ್ಕೆ ಬಂತು. ಗಾಜಿನ ಮೇಲೆ ಯಾರೂ ನೀರು ಹಾಕಿರಲಿಲ್ಲ. ಗಾಳಿಯ ತೇವವೇ ಸಾಕಾಗಿತ್ತು.

ಸರಿ, ‘ಒಣಗು’ ಬಿಟ್ಟರೆ ಬೇರೆ ಯಾವುದು? ಮೊದಲು ಹೊಳೆದದ್ದು ‘ಹೆಪ್ಪುಗಟ್ಟು’. ನನಗೆ ಇದು ಬಹಳ ಇಷ್ಟವಾಯಿತು. ಹಾಲಿಗೆ ಚಮಚ ಮಜ್ಜಿಗೆ ಬಿಟ್ಟ ಹಾಗೆ ಇಲ್ಲಿ ಚೂರು ತೇವವೇ ಹೆಪ್ಪು. ಶುರು ಮಾಡಿಕೊಟ್ಟರೆ ಉಳಿದದ್ದು ತಾನಾಗಿ ನಡೆಯುತ್ತದೆ. ಆದರೆ ಭಾವ ನಕ್ಕರು. ‘ಹೆಪ್ಪು ಅಂದರೆ ಜನ ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ತೆಗೀತಾರೆ.’

ಎರಡನೆಯದು ‘ಹಿಡಿ’. ನಮ್ಮ ಕಡೆ ಸಹಜವಾಗಿ ಬರುವ ಮಾತು ಇದೇ: ‘ಅಂಟು ಹಿಡಿಯಿತಾ?’ ಆದರೆ ಚೀಟಿಯಲ್ಲಿ ಬರೆದಾಗ ಏನಾಯಿತು ನೋಡಿ: ‘ಅಂಟು ಹಿಡಿಯುವವರೆಗೆ ಬಿಗಿಯಾಗಿ ಹಿಡಿದು ಹಿಡಿದುಕೊಳ್ಳಿ.’ ಓದಿದವರಿಗೆ ತಲೆ ಹಿಡಿದೀತು.

ಅಷ್ಟರಲ್ಲಿ ಅಂಗಡಿಗೆ ಮೊಳೆ ಕೊಳ್ಳಲು ಬಂದ ಆಚಾರಿಯೊಬ್ಬರು ನಮ್ಮ ಜಗಳ ಕೇಳಿ, ಅದಕ್ಕೆ ತುಳುವಿನಲ್ಲಿ ‘ಪತ್ತುನಿ’ ಅಂದರೆ ಮುಗಿಯಿತಲ್ಲ ಎಂದರು. ಹಿಡಿಯುವುದಕ್ಕೂ ಅದೇ, ಅಂಟಿಕೊಳ್ಳುವುದಕ್ಕೂ ಅದೇ. ನನಗೆ ಆಗ ಬಡಿದದ್ದು, ಹಳಗನ್ನಡದಲ್ಲೂ ‘ಪತ್ತು’ ಎಂದರೆ ಅಂಟಿಕೊಳ್ಳು ಎಂದೇ ಅರ್ಥ. ಪಾಲು ಹಾಲಾದಂತೆ ಪತ್ತು ‘ಹತ್ತು’ ಆಗಿದೆ, ಅಷ್ಟೇ. ‘ಬೆಂಕಿ ಹತ್ತಿತು’ ಎನ್ನುವಾಗ ನಾವೂ ಅದನ್ನೇ ಬಳಸುತ್ತೇವೆ. ಧಾರವಾಡದ ಗೆಳೆಯರು ‘ಎಣ್ಣಿ ಕೈಗೆ ಹತ್ತೇತಿ’ ಅನ್ನುವುದನ್ನು ಕೇಳಿದ್ದೇನೆ. ಕರಾವಳಿಯ ಕನ್ನಡದಲ್ಲಿ ಮಾತ್ರ ‘ಹತ್ತು’ ಅಂದರೆ ಮೊದಲು ನೆನಪಾಗುವುದು ಬಸ್ಸು, ಇಲ್ಲವೇ ತೆಂಗಿನಮರ.

ಈಗ ಚೀಟಿ ಹೀಗಿದೆ: ‘ಒಂದೇ ಹನಿ ಹಾಕಿ. ಹತ್ತುವವರೆಗೆ ಒತ್ತಿ ಹಿಡಿಯಿರಿ. ಬೆರಳಿಗೆ ಹತ್ತಿದರೆ ಎಳೆಯಬೇಡಿ, ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ.’ ಒಂದೇ ಹನಿ ಏಕೆಂದರೆ ದಪ್ಪಗೆ ಸುರಿದರೆ ತೇವ ಒಳಗಿನವರೆಗೆ ತಲುಪುವುದಿಲ್ಲ, ಜಾಸ್ತಿ ಹಾಕಿದಷ್ಟೂ ತಡ. ಜನ ಇದನ್ನು ನಂಬುವುದೇ ಇಲ್ಲ, ಅರ್ಧ ಟ್ಯೂಬು ಹಿಂಡುತ್ತಾರೆ. ಕೊನೆಯ ಸಾಲಿನಲ್ಲಿ ಮತ್ತೆ ಸಿಕ್ಕಿಬಿದ್ದೆ. ಹತ್ತಿಯ ಮೇಲೆ ಈ ಅಂಟು ಬಿದ್ದರೆ ಕ್ರಿಯೆ ಒಮ್ಮೆಗೇ ಜೋರಾಗಿ, ಹೊಗೆ ಬಂದು ಚರ್ಮ ಸುಡುವಷ್ಟು ಬಿಸಿ ಏಳುತ್ತದೆ. ಅದನ್ನು ‘ಹತ್ತಿಯಿಂದ ಒರೆಸಬೇಡಿ, ಹತ್ತಿಗೆ ಹತ್ತಿದರೆ ಬಿಸಿ ಹತ್ತುತ್ತದೆ’ ಎಂದು ಬರೆದೆ. ಭಾವ ಚೀಟಿಯನ್ನು ಮೇಜಿನ ಮೇಲಿಟ್ಟು ಸುಮ್ನೆ ನನ್ನ ಮುಖ ನೋಡಿದರು.

ನನ್ನ ಮತ ಈಗಲೂ ‘ಹತ್ತು’ವಿಗೇ. ಹತ್ತಿಯ ಸಾಲನ್ನು ಬೇರೆ ಥರ ಬರೆದರಾಯಿತು. ನಿಮ್ಮನ್ನು ಕೇಳುವುದು ಎರಡೇ. ಅಂಟು, ಗಾರೆ, ಬಣ್ಣಗಳಿಗೆ ನಿಮ್ಮ ಊರಿನಲ್ಲಿ ‘ಹತ್ತಿತು’ ಎನ್ನುತ್ತಾರೆಯೇ? ಕುಂದಾಪುರದ ಕಡೆಯವರು ಏನನ್ನುತ್ತಾರೆ? ಸೋಮವಾರ ಚೀಟಿ ಅಚ್ಚಿಗೆ ಹೋಗಬೇಕು, ಅದರೊಳಗೆ ತಿಳಿಸಿದರೆ ಉಪಕಾರ.