ಅಕ್ಕೋರು ದೀರ್ಘ ರಜೆಯಲ್ಲಿದ್ದಾರೆ, ಪಾಲಕರ ಸಭೆಯಲ್ಲಿ ಏನು ಹೇಳಲಿ?

ಬೆಟ್ಟದಮನೆ (ಶಿರಸಿ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರಿನದು ಐದನೇ ತರಗತಿವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 27 ಮಕ್ಕಳು, ಇಬ್ಬರು ಶಿಕ್ಷಕರು. ನಾಲ್ಕು, ಐದನೇ ತರಗತಿ ಹೆಡ್ ಮಾಸ್ತರದ್ದು. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ಅಕ್ಕೋರದ್ದು. ದಸರಾ ರಜೆ ಮುಗಿದು ಶಾಲೆ ಶುರುವಾದಾಗ ಅಕ್ಕೋರು ಬರಲಿಲ್ಲ. ಆರಾಮ ಇಲ್ಲ, ವೈದ್ಯಕೀಯ ರಜೆ ಹಾಕಿದ್ದಾರೆ ಅಂತ ಮಾಸ್ತರು ಹೇಳಿದರು. ಈಗ ಅಡಿಕೆ ಕೊಯ್ಲು ಮುಗಿಯುತ್ತಾ ಬಂತು. ರಜೆ ಮತ್ತೆ ಮುಂದೆ ಹೋಗಿದೆ.

ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಮಗಳು ಎರಡನೇ ತರಗತಿ, ಮಗ ಐದನೇ ತರಗತಿ. ದಸರಾಕ್ಕೆ ಮೊದಲು ಮಗಳು ಕಲಿಕೆಯ ಯಾವ ಮೈಲಿಗಲ್ಲಿನಲ್ಲಿ ಇದ್ದಳೋ ಇವತ್ತೂ ಅಲ್ಲೇ ಇದ್ದಾಳೆ. ಮಗನ ಭಾಗಾಕಾರ ಅರ್ಧಕ್ಕೇ ನಿಂತಿದೆ. ಮಾಸ್ತರು ಐದೂ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದಾರೆ. ಅವರನ್ನು ದೂರುವ ಹಾಗಿಲ್ಲ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬುವ ಮಾಹಿತಿ, ಎಲ್ಲ ಅವರೊಬ್ಬರ ತಲೆ ಮೇಲೆ. ಶಿರಸಿಯಲ್ಲಿ ಮೀಟಿಂಗ್ ಇದ್ದ ದಿನ ಪಕ್ಕದ ಶಾಲೆಯಿಂದ ಯಾರಾದರೂ ಬಂದರೆ ಬಂದರು. ಇಲ್ಲದಿದ್ದರೆ ಬಿಸಿಯೂಟ ಮಾಡುವ ಅಕ್ಕನೇ ಅನ್ನಕ್ಕಿಟ್ಟು ಬಂದು ಮಕ್ಕಳನ್ನು ಕೂರಿಸಿಕೊಳ್ಳುತ್ತಾಳೆ.

ಪಾಲಕರಿಗೆ ಸಿಟ್ಟು ಬಂದಿದೆ. ಬರಬೇಕಾದದ್ದೇ. ಆದರೆ ಆ ಸಿಟ್ಟು ಯಾರ ಮೇಲೆ ಹೋಗುತ್ತಿದೆ ಅನ್ನುವುದು ನನಗೆ ಸಹಿಸಲು ಆಗುತ್ತಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಇದೇ ಮಾತು. "ಏನು ಕಾಯಿಲೆ ಅಂತ ಬಾಯಿ ಬಿಟ್ಟು ಹೇಳಲಿ." "ಮನೆಯಲ್ಲಿ ಕೂತರೂ ಸಂಬಳ ಬರುತ್ತದೆ, ಮತ್ತೆ ಯಾಕೆ ಬರ್ತಾರೆ?" ಒಬ್ಬರು ಅಕ್ಕೋರನ್ನು ಶಿರಸಿ ಪೇಟೆಯಲ್ಲಿ ತರಕಾರಿ ತಗೊಳ್ಳುವಾಗ ನೋಡಿದರಂತೆ. ಇನ್ನೊಬ್ಬರು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನೋಡಿದರಂತೆ. ಅವತ್ತಿನಿಂದ "ನಾಟಕ" ಅನ್ನುವ ಮಾತೂ ಶುರುವಾಗಿದೆ. ಅಕ್ಕೋರು ನಮ್ಮ ಶಾಲೆಗೆ ಬಂದು 11 ವರ್ಷ ಆಯಿತು. ಹಳ್ಳ ಉಕ್ಕಿ ಬಸ್ಸು ಈಚೆ ಬಾರದ ದಿನಗಳಲ್ಲೂ ಕೊಡೆ ಹಿಡಿದು ಸಂಕ ದಾಟಿ ನಡೆದು ಬಂದವರು ಅವರು. ಇವತ್ತು ನಾಟಕ ಅಂತ ಬರೆಯುವವರ ಮಕ್ಕಳೂ ಅಕ್ಷರ ಕಲಿತದ್ದು ಅವರ ಹತ್ತಿರವೇ.

ಶನಿವಾರ ಸಭೆ ಇದೆ. ಅಕ್ಕೋರ ವೈದ್ಯಕೀಯ ಸರ್ಟಿಫಿಕೇಟನ್ನು ಎಲ್ಲರ ಎದುರು ಓದಬೇಕು, ಆಗದಿದ್ದರೆ ಅವರನ್ನು ವರ್ಗ ಮಾಡಿಸಿ ಅಂತ ಠರಾವು ಹಾಕಬೇಕು, ಇದು ಕೆಲವರ ಹಟ. ಎರಡು ಮನೆಯವರು ಟಿಸಿ ತಗೊಂಡು ಪೇಟೆ ಶಾಲೆಗೆ ವ್ಯಾನಿನಲ್ಲಿ ಕಳಿಸುವ ಮಾತಾಡುತ್ತಿದ್ದಾರೆ.

ನನಗೆ ಅನಿಸುವುದು ಇಷ್ಟೇ. ನಮ್ಮ ಮಕ್ಕಳಿಗೆ ಬೇಕಾದದ್ದು ತರಗತಿಯಲ್ಲಿ ಒಬ್ಬ ಶಿಕ್ಷಕರು. ಕಾಯಿಲೆಯ ಹೆಸರು ತಿಳಿದುಕೊಂಡರೆ ನನ್ನ ಮಗಳಿಗೆ ಓದು ಬರುವುದಿಲ್ಲ. ಇದನ್ನು ಸಭೆಯಲ್ಲಿ ಹೇಳಬೇಕೆಂದರೆ ಗಟ್ಟಿ ಮಾಹಿತಿ ಬೇಕು. ಬದಲಿ ಶಿಕ್ಷಕರನ್ನು ಯಾರ ಹತ್ತಿರ, ಹೇಗೆ ಕೇಳುವುದು? ಅಕ್ಕೋರ ಬಗ್ಗೆ ಏನು ಕೇಳಬಹುದು, ಏನು ಕೇಳಬಾರದು? ಇನ್ನೊಂದು, "ಅಕ್ಕೋರು ಯಾವಾಗ ಬರ್ತಾರೆ ಆಯಿ?" ಅಂತ ಮಗಳು ಕೇಳಿದಾಗ ನೀವಾದರೆ ಏನು ಹೇಳುತ್ತೀರಿ?

ಶರಾವತಿ ದಂಡೆ (ಹೊನ್ನಾವರ)

ನಮ್ಮೂರಲ್ಲೂ ಹೀಗೇ ಆಗಿತ್ತು. ಎಲ್ಲ ಮನೆಯವರ ಸಹಿ ಹಾಕಿಸಿ ಮನವಿ ಕೊಟ್ಟೆವು. ಹತ್ತಿರದ ಶಾಲೆಯಿಂದ ಒಬ್ಬರನ್ನು ವಾರಕ್ಕೆ ಮೂರು ದಿನ ನಿಯೋಜನೆ ಮಾಡಿದರು. ಮೂರು ದಿನ ಸಾಲುವುದಿಲ್ಲ, ಆದರೂ ಇದ್ದದ್ದಕ್ಕಿಂತ ಎಷ್ಟೋ ಮೇಲು. ನೀವು ಮೊದಲೇ ಆರೂ ದಿನಕ್ಕೆ ಕೇಳಿ. ಮನವಿ ಕೊಡಲು ಒಬ್ಬರೇ ಹೋಗಬೇಡಿ, ನಾಲ್ಕೈದು ತಾಯಂದಿರು ಒಟ್ಟಿಗೆ ಹೋಗಿ.

ಯಲ್ಲಾಪುರದ ಅಪ್ಪ

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ನಾನು ಟಿಸಿ ತಗೊಂಡವನು. ಮಾಡಿದ್ದು ಸರಿ ಅಂತಲೇ ಇವತ್ತಿಗೂ ಹೇಳುತ್ತೇನೆ. ನಮ್ಮ ಮಾಸ್ತರಿಗೆ ನಿಜವಾಗಿಯೂ ಆರಾಮ ಇರಲಿಲ್ಲ. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಮೂರನೇ ತರಗತಿ ದಾಟಿದ ಹುಡುಗ ಪಾಠದ ಒಂದು ಸಾಲನ್ನು ತಡವರಿಸದೆ ಓದಲಾರ ಅಂದರೆ ತಂದೆ ಆದವನು ಏನು ಮಾಡಬೇಕು? ಸ್ವಲ್ಪ ಕಾಯಿರಿ ಅಂತ ಎಲ್ಲರೂ ಹೇಳಿದರು. ಎಷ್ಟು ದಿನ ಅಂತ ಒಬ್ಬರೂ ಹೇಳಲಿಲ್ಲ. ಮೊದಲು ಹದಿನೈದು ದಿನ ಅಂದರು, ಆಮೇಲೆ ಒಂದು ತಿಂಗಳು ಅಂದರು, ಆಮೇಲೆ ಅದೂ ಮುಂದೆ ಹೋಯಿತು. ಮೊದಲ ದಿನವೇ "ಈ ವರ್ಷ ಬರುವುದು ಕಷ್ಟ" ಅಂದಿದ್ದರೆ ಊರವರೆಲ್ಲ ಸೇರಿ ಏನಾದರೂ ದಾರಿ ಹುಡುಕುತ್ತಿದ್ದೆವು.

ಹಾಗಾಗಿ ಸಭೆಯಲ್ಲಿ ಕಾಯಿಲೆ ಕೇಳಬೇಡಿ, ಒಪ್ಪಿದೆ. ಅವಧಿ ಮಾತ್ರ ಕೇಳಲೇಬೇಕು. ಅದು ನಮಗೆ ಗೊತ್ತಾಗಬೇಕಾದ ವಿಷಯ.

ನಿವೃತ್ತ ಮಾಸ್ತರ (ಅಂಕೋಲಾ)

ತಂಗಿ, ನಾನು ಹೆಡ್ ಮಾಸ್ತರನಾಗಿ ನಿವೃತ್ತನಾದವನು. ಇಂಥ ರಜೆ ಅರ್ಜಿಗಳನ್ನು ಎಷ್ಟೋ ಸಲ ಮೇಲೆ ಕಳಿಸಿದ್ದೇನೆ. ಸಭೆಗೆ ಹೋಗುವ ಮುಂಚೆ ಕೆಲವು ವಿಷಯ ನಿಮಗೆ ತಿಳಿದಿರಲಿ.

ಮೊದಲು ಸಂಬಳದ ಮಾತು. ಸರ್ಕಾರಿ ನೌಕರರ ಲೆಕ್ಕಕ್ಕೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮಾ ಆಗುತ್ತದೆ. ಕಾಯಿಲೆ ಬಿದ್ದಾಗ ವೈದ್ಯರ ಪ್ರಮಾಣಪತ್ರ ಕೊಟ್ಟು ಅದನ್ನು ಪೂರ್ತಿ ಸಂಬಳದ ಪರಿವರ್ತಿತ ರಜೆ ಮಾಡಿಕೊಳ್ಳಬಹುದು. ಆಗ ಒಂದು ದಿನದ ರಜೆಗೆ ಖಾತೆಯಿಂದ ಎರಡು ದಿನ ಕಳೆಯುತ್ತಾರೆ. ನಿಮ್ಮ ಶಾಲೆಯ 11 ವರ್ಷ ಮಾತ್ರ ಹಿಡಿದರೂ 220 ದಿನ ಜಮಾ, ಅಂದರೆ ಪೂರ್ತಿ ಸಂಬಳದ 110 ದಿನ. ಗಳಿಕೆ ರಜೆ ಬೇರೆ ನೌಕರರಿಗೆ ವರ್ಷಕ್ಕೆ 30 ದಿನ. ನಮಗೆ ದಸರಾ ರಜೆ, ಬೇಸಿಗೆ ರಜೆ ಇರುವುದರಿಂದ 10 ದಿನ ಮಾತ್ರ. ಇವೆಲ್ಲ ಮುಗಿದ ಮೇಲೂ ಆರಾಮಾಗದಿದ್ದರೆ ಉಳಿಯುವುದು ಸಂಬಳ ಇಲ್ಲದ ಅಸಾಧಾರಣ ರಜೆ. ಅಕ್ಕೋರು ಈಗ ತಗೊಳ್ಳುತ್ತಿರುವುದು ವರ್ಷಗಟ್ಟಲೆ ದುಡಿದು ಕೂಡಿಸಿಟ್ಟ ರಜೆ. ಸುಮ್ನೆ ಸಂಬಳ ಅನ್ನುವವರಿಗೆ ಈ ಲೆಕ್ಕ ಹೇಳಿ.

ಸರ್ಟಿಫಿಕೇಟು ಅರ್ಜಿಯ ಜೊತೆ ಹೆಡ್ ಮಾಸ್ತರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗುತ್ತದೆ. ನೋಡಿ ರಜೆ ಮಂಜೂರು ಮಾಡುವುದು ಅವರ ಕೆಲಸ. ಅನುಮಾನ ಬಂದರೆ ಇನ್ನೊಬ್ಬ ವೈದ್ಯರಿಂದ ತಪಾಸಣೆ ಮಾಡಿಸುವ ಅಧಿಕಾರವೂ ಅವರಿಗೇ ಇದೆ. ವಾಪಸ್ ಬರುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟೇ ಹಾಜರಾಗಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಓದುವ ಪದ್ಧತಿಯೇ ಇಲ್ಲ. ನಾನಿದ್ದಿದ್ದರೆ ಫೈಲನ್ನು ಸಭೆಗೆ ತರುತ್ತಲೇ ಇರಲಿಲ್ಲ.

ಈಗ ನಿಮ್ಮ ಹಕ್ಕಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು. ನಿಮ್ಮ ಶಾಲೆ ದಾಖಲೆಯಲ್ಲಿ ಇಬ್ಬರು ಶಿಕ್ಷಕರ ಶಾಲೆ, ನಿಜದಲ್ಲಿ ಒಬ್ಬರದ್ದು. ನಿಮ್ಮ ಠರಾವು ಈ ಮಾತಿನಿಂದಲೇ ಶುರುವಾಗಲಿ.

ಅತಿಥಿ ಶಿಕ್ಷಕರು ಬೇಕು ಅಂತ ಬರೆದರೆ ಬಹುಶಃ ಉತ್ತರ "ಹುದ್ದೆ ಖಾಲಿ ಇಲ್ಲ" ಅಂತ ಬರುತ್ತದೆ. ಅವರನ್ನು ಸಾಮಾನ್ಯವಾಗಿ ಕೊಡುವುದು ಖಾಲಿ ಹುದ್ದೆಗೆ. ರಜೆಯಲ್ಲಿರುವವರ ಹುದ್ದೆ ಖಾಲಿ ಅಂತ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ "ರಜೆ ಅವಧಿ ಮುಗಿಯುವವರೆಗೆ ಪೂರ್ಣಾವಧಿ ನಿಯೋಜನೆ" ಅಂತ ಕೇಳಿ. ಸಿಆರ್‌ಪಿಯವರನ್ನು (ಹತ್ತಿರದ ಶಾಲೆಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವವರು) ಮೊದಲೇ ಮಾತಾಡಿಸಿ. ಕ್ಲಸ್ಟರಿನ ಯಾವ ಶಾಲೆಯಿಂದ ಒಬ್ಬರನ್ನು ಬಿಡಬಹುದು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲೂ ಆಗದಿದ್ದರೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಕಚೇರಿಗೆ ಹೋಗಿ. ಶಿರಸಿ ಬೇರೆ ಶೈಕ್ಷಣಿಕ ಜಿಲ್ಲೆ. ಆ ಕಚೇರಿ ನಿಮ್ಮಲ್ಲೇ ಇದೆ, ಕಾರವಾರದ ತನಕ ಬರುವ ಕೆಲಸ ಇಲ್ಲ.

ವರ್ಗ ಮಾಡಿಸುವ ಠರಾವು ದಯವಿಟ್ಟು ಬೇಡ. ಎಸ್‌ಡಿಎಂಸಿಗೆ ಆ ಅಧಿಕಾರ ಇಲ್ಲ. ಒಂದು ವೇಳೆ ಅಕ್ಕೋರು ಹೋದರೂ ಆ ಜಾಗಕ್ಕೆ ಯಾರಾದರೂ ಕೌನ್ಸೆಲಿಂಗ್‌ನಲ್ಲಿ ನಿಮ್ಮೂರನ್ನೇ ಆರಿಸಿಕೊಂಡು ಬರಬೇಕು. ದಿನಕ್ಕೆ ಎರಡು ಬಸ್ಸಿನ ಊರನ್ನು ಯಾರು ಆರಿಸುತ್ತಾರೆ ಹೇಳಿ? ಟಿಸಿ ವಿಷಯವೂ ಹಾಗೇ. ಯಲ್ಲಾಪುರದ ತಮ್ಮನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹೆಚ್ಚುವರಿ ಶಿಕ್ಷಕರ ಪಟ್ಟಿ ಮಾಡುವುದು ಮಕ್ಕಳ ಸಂಖ್ಯೆ ನೋಡಿ. ಮಕ್ಕಳು ಕಡಿಮೆ ಆಗುತ್ತಾ ಹೋದರೆ ಅಕ್ಕೋರು ಗುಣವಾಗಿ ಬರುವ ಹೊತ್ತಿಗೆ ಅವರಿಗೆ ಅಲ್ಲಿ ಜಾಗವೇ ಇಲ್ಲದ ಹಾಗೆ ಆಗಬಹುದು.

ಒಬ್ಬಳು ಅಕ್ಕೋರು (ಕುಮಟಾ)

ಇಲ್ಲಿ ಯಾರಿಗೂ ನನ್ನ ಗುರುತಿಲ್ಲ, ಹಾಗಾಗಿ ಬರೆಯುತ್ತೇನೆ. ನಾನೂ ಹೀಗೆ ರಜೆಯಲ್ಲಿ ಇದ್ದವಳು. ನನಗಾದದ್ದು ಸ್ತನ ಕ್ಯಾನ್ಸರ್. ನಿಮ್ಮ ಅಕ್ಕೋರಿಗೆ ಬೇರೆ ಏನೋ ಇರಬಹುದು. ಪೇಟೆಯಲ್ಲಿ ನೋಡಿದೆವು ಅನ್ನುವ ಮಾತಿಗೆ ಉತ್ತರ ಕೊಡಬೇಕು ಅನಿಸಿತು.

ನನಗೆ ಮೂರು ವಾರಕ್ಕೊಮ್ಮೆ ಕಿಮೊ ಇತ್ತು. ಮೊದಲ ವಾರ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ನೀರು ಕುಡಿದರೂ ವಾಂತಿ. ಎರಡನೇ ವಾರ ಎದ್ದು ಓಡಾಡಬಹುದು, ಆದರೆ ರಕ್ತದಲ್ಲಿ ಬಿಳಿ ಕಣ ತೀರಾ ಇಳಿದಿರುತ್ತದೆ. ಆಗ ಒಂದು ಸಣ್ಣ ಜ್ವರ ಬಂದರೂ ಆಸ್ಪತ್ರೆ ಸೇರಬೇಕು. ಒಂದನೇ, ಎರಡನೇ ತರಗತಿ ಕೋಣೆಯಲ್ಲಿ ನೆಗಡಿ ಇಲ್ಲದ ದಿನ ಯಾವುದು? ಮೂರನೇ ವಾರ ಸ್ವಲ್ಪ ಚೇತರಿಕೆ. ಬಾಯಿಗೆ ರುಚಿ ಬರುತ್ತದೆ. ಆ ವಾರ ನಾನು ಮಾವನ ಮಗಳ ಮದುವೆಗೆ ಹೋಗಿದ್ದೆ, ಪೇಟೆಗೂ ಹೋಗಿದ್ದೆ. ನೋಡಿದವರು ನೋಡಿದ್ದು ಆ ಒಂದು ವಾರ. ಆಮೇಲೆ ರೇಡಿಯೇಷನ್. ಅದು ವಾರಕ್ಕೆ ಐದು ದಿನ, ವಾರಗಟ್ಟಲೆ. ಕುಮಟಾದಿಂದ ಮಣಿಪಾಲಕ್ಕೆ ದಿನಾ ಹೋಗಿ ಬರಲು ಆಗದೆ ಅಲ್ಲೇ ರೂಮು ಮಾಡಿ ಇದ್ದೆ.

ಆಗ ನಮ್ಮ ಶಾಲೆಯ ಗ್ರೂಪಿನಲ್ಲಿ ಬಂದದ್ದೆಲ್ಲ ನನಗೆ ತಲುಪುತ್ತಿತ್ತು. ಯಾರೋ ಒಬ್ಬರು ಫೋಟೋ ತೆಗೆದು ಕಳಿಸಿಯೇ ಕಳಿಸುತ್ತಾರೆ. ನಿಮ್ಮ ಅಕ್ಕೋರಿಗೂ ತಲುಪಿರುತ್ತದೆ.

ಯಲ್ಲಾಪುರದವರು ಅವಧಿ ಕೇಳಬೇಕು ಅಂದದ್ದು ನ್ಯಾಯ. ಕೇಳಿದ್ದರೆ ನಾನೂ ಹೇಳುತ್ತಿದ್ದೆ. ಡಾಕ್ಟರು ನನಗೆ ಮೊದಲೇ ಅಂದಾಜು ಹೇಳಿದ್ದರು. ಹೆಡ್ ಮಾಸ್ತರ ಮೂಲಕ ಕೇಳಿಸಿ, "ಮಕ್ಕಳಿಗೆ ವ್ಯವಸ್ಥೆ ಮಾಡಬೇಕು, ಅದಕ್ಕೆ ಕೇಳುತ್ತಿದ್ದೇವೆ" ಅಂತ ಹೇಳಿಸಿ. ಹಾಗೆ ಕೇಳಿದರೆ ನೋವಾಗುವುದಿಲ್ಲ.

ಮಗಳಿಗೆ ಇದ್ದದ್ದನ್ನೇ ಹೇಳಿ. ಅಕ್ಕೋರಿಗೆ ಆರಾಮ ಇಲ್ಲ, ಔಷಧ ತಗೊಳ್ತಾ ಇದ್ದಾರೆ, ತುಂಬಾ ದಿನ ಬೇಕು ಅಂತ. ನಾಳೆ ಬರ್ತಾರೆ, ಮುಂದಿನ ವಾರ ಬರ್ತಾರೆ ಅಂತ ಮಾತ್ರ ಹೇಳಬೇಡಿ. ನಾನು ವಾಪಸ್ ಹೋದಾಗ ಒಬ್ಬ ಹುಡುಗ "ನಾವು ಗಲಾಟೆ ಮಾಡಿದ್ದಕ್ಕೆ ನೀವು ಹೋದ್ರಾ?" ಅಂತ ಕೇಳಿದ. ಅಷ್ಟು ದಿನ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಮಕ್ಕಳ ತಪ್ಪಿನಿಂದ ಆದದ್ದಲ್ಲ ಅನ್ನುವುದನ್ನು ಕೇಳದಿದ್ದರೂ ಹೇಳಿ.

ಬೆಟ್ಟದಮನೆ (ಶಿರಸಿ ತಾಲೂಕು)

ಎಲ್ಲರಿಗೂ ಧನ್ಯವಾದ. ಕುಮಟಾದ ಅಕ್ಕೋರೇ, ನೀವು ಬರೆದದ್ದನ್ನು ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನೀವು ಆರಾಮಾಗಿರಿ.

ಶನಿವಾರದ ಸಭೆ ಆಯಿತು. ಅಂಕೋಲಾದ ಮಾಸ್ತರು ಹೇಳಿಕೊಟ್ಟ 220 ದಿನದ ಲೆಕ್ಕ ಹೇಳಿದೆ. ಸಂಬಳದ ಮಾತು ಅಲ್ಲಿಗೆ ನಿಂತಿತು. ಮೂರನೇ ವಾರದ ವಿಷಯವನ್ನು ಯಾರ ಹೆಸರೂ ಎತ್ತದೆ ಹೇಳಿದೆ. ಪೇಟೆಯಲ್ಲಿ ನೋಡಿದವರು ತಲೆ ತಗ್ಗಿಸಿದರು ಅಂತ ಬರೆದರೆ ಸುಳ್ಳಾಗುತ್ತದೆ. ಸರ್ಟಿಫಿಕೇಟು ಓದಲೇಬೇಕು ಅಂತ ಇಬ್ಬರು ಕೊನೆಯವರೆಗೂ ಹಟ ಹಿಡಿದರು. ಆದರೆ ಠರಾವಿನಲ್ಲಿ ಅದು ಬರಲಿಲ್ಲ, ವರ್ಗದ ಮಾತೂ ಬರಲಿಲ್ಲ. ಪೂರ್ಣಾವಧಿ ನಿಯೋಜನೆ ಬೇಕು ಅಂತ ಮಾತ್ರ ಬರೆದು ಎಲ್ಲರೂ ಸಹಿ ಹಾಕಿದರು.

ಅವಧಿಯ ವಿಷಯ ಹೆಡ್ ಮಾಸ್ತರು ಫೋನಿನಲ್ಲಿ ಕೇಳಿದರು. ಬೇಸಿಗೆ ರಜೆಗೆ ಮೊದಲು ಬರಲು ಆಗುವುದಿಲ್ಲ, ಜೂನ್‌ನಲ್ಲಿ ಬರುವ ಆಸೆ ಇದೆ ಅಂದರಂತೆ. ಇಷ್ಟು ಗೊತ್ತಾದದ್ದೇ ದೊಡ್ಡ ಉಪಕಾರ. ನಿಯೋಜನೆ ಆಗುವ ತನಕ ನಮ್ಮೂರಿನ, ಡಿ.ಎಡ್. ಮುಗಿಸಿದ ಹುಡುಗಿಯೊಬ್ಬಳು ಬೆಳಗಿನ ಹೊತ್ತು ನಲಿ-ಕಲಿ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ್ದಾಳೆ. ಅವಳಿಗೆ ಕೊಡುವ ಗೌರವಧನಕ್ಕೆ ಮನೆಮನೆಯಿಂದ ಸೇರಿಸುತ್ತಿದ್ದೇವೆ. ಟಿಸಿ ಮಾತಾಡಿದ ಎರಡು ಮನೆಯಲ್ಲಿ ಒಬ್ಬರು ನಿಂತಿದ್ದಾರೆ. ಇನ್ನೊಬ್ಬರು ಹೋಗುವುದು ಖಂಡಿತ. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಮಾಸ್ತರೇ, ಇನ್ನೊಂದು ಕೇಳಬೇಕು. ಸೋಮವಾರ ಐದು ಜನ ತಾಯಂದಿರು ಬಿಇಒ ಕಚೇರಿಗೆ ಹೋಗುತ್ತಿದ್ದೇವೆ. ಠರಾವಿನ ಪ್ರತಿಯನ್ನು ಸಾಹೇಬರ ಕೈಗೇ ಕೊಡಬೇಕಾ?

ನಿವೃತ್ತ ಮಾಸ್ತರ (ಅಂಕೋಲಾ)

ಸಾಹೇಬರನ್ನು ಭೇಟಿಯಾಗಿ ವಿಷಯ ಹೇಳಿ. ಆದರೆ ಕಾಗದವನ್ನು ಟಪಾಲು ವಿಭಾಗದಲ್ಲಿ ಕೊಡಿ. ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ನಂಬರು ಹಾಕಿಸಿಕೊಂಡೇ ಹೊರಗೆ ಬನ್ನಿ. ಹೆಡ್ ಮಾಸ್ತರ ಮುಖಪತ್ರವೂ ಜೊತೆಗಿರಲಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ನಂಬರು ಹಾಕಿ ಡಿಡಿಪಿಐ ಅವರಿಗೆ ಬರೆಯಿರಿ. ಆ ಪತ್ರದ ಕರಡು ಬೇಕಿದ್ದರೆ ಕೇಳಿ, ಬರೆದು ಇಲ್ಲೇ ಹಾಕುತ್ತೇನೆ.