ವೈಫೈ ಕನೆಕ್ಟ್ ಆಗಿದೆ, ನೆಟ್ ಮಾತ್ರ ಇಲ್ಲ

ಪ್ರಶ್ನೆ: ವಿಂಡೋಸ್ 11 ಲ್ಯಾಪ್‌ಟಾಪ್. ಬಸವನಗುಡಿಯ ಮನೆ ವೈಫೈಗೆ ಕನೆಕ್ಟ್ ಆಗುತ್ತದೆ, ಸಿಗ್ನಲ್ ಫುಲ್ ಇದೆ, ಆದರೆ ಯಾವ ಸೈಟೂ ತೆರೆಯುತ್ತಿಲ್ಲ. ಅದೇ ವೈಫೈಯಲ್ಲಿ ಅಮ್ಮನ ಫೋನಿನಲ್ಲಿ ಧಾರಾವಾಹಿ ಆರಾಮಾಗಿ ಓಡುತ್ತಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದ್ದೂ ಆಯಿತು. ರಿಪೇರಿಗೆ ಅಂತ ಎಸ್.ಪಿ. ರೋಡಿಗೆ ಹೊತ್ತುಕೊಂಡು ಹೋಗುವ ಮೊದಲು ಮನೆಯಲ್ಲೇ ಏನಾದರೂ ನೋಡಬಹುದಾ?

ಉತ್ತರ 1: ಎಸ್.ಪಿ. ರೋಡೆಲ್ಲ ಬೇಡ ಗುರು. ಫೋನ್ ಓಡುತ್ತಿದೆ ಅಂದರೆ ಲೈನ್ ಸರಿ ಇದೆ, ತಕರಾರು ಲ್ಯಾಪ್‌ಟಾಪಿನದ್ದೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ ಎಂಟರ್ ಕೊಡಿ. ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪನ್ನು ಗುರುತಿಸುವ ನಂಬರು) 169.254 ಅಂತ ಶುರುವಾದರೆ ರೂಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ, ವೈಫೈ ಫರ್ಗೆಟ್ ಮಾಡಿ ಮತ್ತೆ ಸೇರಿಸಿ. 192.168 ಅಂತಿದ್ದರೆ ವಿಳಾಸ ಸಿಕ್ಕಿದೆ, ಅಲ್ಲೇ ping 8.8.8.8 ಅಂತ ಕೊಟ್ಟು ಗೂಗಲ್‌ನ ಸರ್ವರ್‌ಗೆ ಪಿಂಗ್ ಮಾಡಿ, ಉತ್ತರ ಬರುತ್ತದಾ ನೋಡಿ.

ಕೇಳಿದವರು: 192.168 ಇದೆ. ಪಿಂಗ್‌ಗೂ ಉತ್ತರ ಬರುತ್ತಿದೆ! ಸೈಟ್ ಮಾತ್ರ ಇಲ್ಲ.

ಉತ್ತರ 1: ಹಾಗಾದರೆ ನೆಟ್ ಇದೆ, ಕೈಕೊಟ್ಟಿರುವುದು ಬಹುಶಃ ಡಿಎನ್‌ಎಸ್. ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು ಅದರ ಕೆಲಸ. ವೈಫೈ ಪ್ರಾಪರ್ಟೀಸ್‌ನಲ್ಲಿ ಡಿಎನ್‌ಎಸ್ ಮ್ಯಾನುಯಲ್ ಅಂತಿದ್ದರೆ ಆಟೋಮ್ಯಾಟಿಕ್ ಮಾಡಿ. ಆಗಲೂ ಬರದಿದ್ದರೆ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ 1.1.1.1 ಹಾಕಿ ನೋಡಿ.

ಉತ್ತರ 2: ಆಫೀಸ್ ಲ್ಯಾಪ್‌ಟಾಪ್ ಅಲ್ವಾ? ವಿಪಿಎನ್ (ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಗುಟ್ಟಾಗಿ ಕಳಿಸುವ ಸಾಫ್ಟ್‌ವೇರ್) ಮಧ್ಯದಲ್ಲಿ ಕಟ್ ಆದಾಗ ಕೆಲವು ಸಲ ಅದರ ಡಿಎನ್‌ಎಸ್, ಪ್ರಾಕ್ಸಿ (ಸೈಟುಗಳಿಗೆ ನಡುವೆ ನಿಲ್ಲುವ ಸರ್ವರ್) ಸೆಟ್ಟಿಂಗುಗಳು ಹಾಗೇ ಉಳಿದುಬಿಡುತ್ತವೆ, ಅದಕ್ಕೆ ಪ್ರಾಕ್ಸಿ ಸೆಟ್ಟಿಂಗೂ ಒಮ್ಮೆ ನೋಡಿ, ಐಟಿಯವರಿಗೂ ಒಂದು ಮಾತು ಹೇಳಿ. ಸುಮ್ನೆ ನೆಟ್‌ವರ್ಕ್ ರೀಸೆಟ್ ಒತ್ತಬೇಡಿ, ಆಮೇಲೆ ವಿಪಿಎನ್ ಮತ್ತೆ ಹಾಕಿಕೊಳ್ಳಬೇಕಾಗಬಹುದು.

ಕೇಳಿದವರು: ಸ್ವಂತದ್ದೇ, ಆದರೆ ವಿಪಿಎನ್ ಹಾಕಿದ್ದೆ. ಡಿಎನ್‌ಎಸ್ ಮ್ಯಾನುಯಲ್‌ನಲ್ಲೇ ಇತ್ತು. ಆಟೋಮ್ಯಾಟಿಕ್ ಮಾಡಿದ ತಕ್ಷಣ ಎಲ್ಲ ತೆರೆಯಿತು, ಥ್ಯಾಂಕ್ಸ್ ಇಬ್ಬರಿಗೂ.