ಜನರ ನಡುವೆ ಇದ್ದಕ್ಕಿದ್ದಂತೆ ಪ್ಯಾನಿಕ್ ಅಟ್ಯಾಕ್ ಆದರೆ ಏನು ಮಾಡಬೇಕು?

ಪ್ರಶ್ನೆ:
ಮೂರು ತಿಂಗಳಲ್ಲಿ ನಾಲ್ಕು ಬಾರಿ, ಯಾವ ಮುನ್ಸೂಚನೆಯೂ ಇಲ್ಲದೆ, ಜನರ ನಡುವೆ ಇರುವಾಗಲೇ ನನಗೆ ಪ್ಯಾನಿಕ್ ಅಟ್ಯಾಕ್ ಆಗಿದೆ. ಕಳೆದ ಬಾರಿ ನೀರಿನ ಲೋಟ ಹಿಡಿದು ಪರಿಚಿತರೊಬ್ಬರ ಮಾತು ಕೇಳುತ್ತಿದ್ದೆ. ಒಮ್ಮೆಲೇ ಎದೆ ಡವಗುಟ್ಟತೊಡಗಿತು, ಬೆರಳ ತುದಿಗಳಲ್ಲಿ ಮತ್ತು ತುಟಿಯ ಸುತ್ತ ಜೋಮು ಹಿಡಿಯಿತು, ನೀರು ತುಳುಕುವಷ್ಟು ಕೈ ನಡುಗಿತು. ಅವರ ಮಾತು ಮುಗಿಯುವ ಮುನ್ನವೇ ಹೊರಗೆ ಓಡಿದೆ. ಇಸಿಜಿ, ಥೈರಾಯ್ಡ್ ಎರಡೂ ಸರಿಯಾಗಿವೆ ಎಂದು ವೈದ್ಯರು ಹೇಳಿದ್ದಾರೆ. ಆದರೂ ಯಾರಾದರೂ ಕರೆದರೆ ಸಾಕು, ತಪ್ಪಿಸಿಕೊಳ್ಳಲು ನೆವ ಹುಡುಕುತ್ತೇನೆ. ಎಲ್ಲರೆದುರು ಕುಸಿದು ಬಿದ್ದುಬಿಟ್ಟರೆ ಎಂಬ ಈ ಭಯವನ್ನು ಹೇಗೆ ನಿಭಾಯಿಸಲಿ?

ಉತ್ತರ 1:
ಮೊದಲು ಪರೀಕ್ಷೆ ಮಾಡಿಸಿಕೊಂಡದ್ದು ಒಳ್ಳೆಯದಾಯಿತು. ಎದೆಯ ತೊಂದರೆಯನ್ನು ಬರೀ ಆತಂಕವೆಂದು ನಾವೇ ತೀರ್ಮಾನಿಸಬಾರದು. ಗಾಬರಿಯಲ್ಲಿ ಉಸಿರಾಟ ಅತಿಯಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ತಲೆ ಹಗುರಾದಂತೆನಿಸುತ್ತದೆ, ಬೆರಳು ತುಟಿಗಳು ಜುಮ್ಮೆನ್ನುತ್ತವೆ. ಉಸಿರು ಸಾಲದು ಎನಿಸುವ ಆ ಹೊತ್ತಿನಲ್ಲಿ ನಿಜವಾಗಿ ಉಸಿರಾಟ ಹೆಚ್ಚಾಗಿರುತ್ತದೆ. ಆದ್ದರಿಂದ ಜೋರಾಗಿ ಎಳೆದುಕೊಳ್ಳದೆ, ನಿಧಾನವಾಗಿ ಹೊರಬಿಡುವುದರ ಕಡೆ ಗಮನ ಕೊಡಿ. ಮೂರ್ಛೆ ಸಾಮಾನ್ಯವಾಗಿ ಬರುವುದು ರಕ್ತದೊತ್ತಡ ಕುಸಿದಾಗ. ಪ್ಯಾನಿಕ್‌ನಲ್ಲಿ ದೇಹ ಸ್ರವಿಸುವ ಅಡ್ರಿನಲಿನ್ ಹಾರ್ಮೋನ್‌ನಿಂದ ಅದು ಏರುವುದೇ ಹೆಚ್ಚು. ಹಾಗಾಗಿ ನೀವು ಹೆದರಿರುವಂತೆ ಕುಸಿದು ಬೀಳುವುದು ಅಪರೂಪ.

ಉತ್ತರ 2:
ನಾನು ಎರಡು ವರ್ಷ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕಿಕೊಂಡು ಕೂರುತ್ತಿದ್ದೆ. ಹೊರಗೆ ಓಡಿದಾಗ ಸಿಗುವ ನೆಮ್ಮದಿ ನಿಜ, ಆದರೆ ಓಡಿದ್ದರಿಂದಲೇ ಬದುಕಿಕೊಂಡೆ ಎಂದು ಮನಸ್ಸು ನಂಬಿಬಿಡುತ್ತದೆ, ಮುಂದಿನ ಬಾರಿ ಭಯ ಇನ್ನೂ ಬೇಗ ಬರುತ್ತದೆ. ಸಿಬಿಟಿಯಲ್ಲಿ (ಭಯ ಹುಟ್ಟಿಸುವ ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಮನೋಚಿಕಿತ್ಸೆ) ನನ್ನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಬೇಕೆಂದೇ ತಲೆ ಸುತ್ತು ಬರಿಸಿದರು. ಮೊದಲ ದಿನ ಅತ್ತುಬಿಟ್ಟೆ. ಹಲವು ಬಾರಿಯಾದ ಮೇಲೆ, ತಲೆ ಸುತ್ತಿದರೂ ಏನೂ ಆಗುವುದಿಲ್ಲ ಎಂಬುದು ದೇಹಕ್ಕೇ ತಿಳಿಯಿತು. ಈಗ ಅಲೆ ಎದ್ದಾಗ ಗಡಿಯಾರ ನೋಡಿಕೊಂಡು ಕುಳಿತಲ್ಲೇ ಇರುತ್ತೇನೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಅದು ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ದಯವಿಟ್ಟು ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ, ಒಂಟಿಯಾಗಿ ಹೋರಾಡಬೇಡಿ.

ಪ್ರಶ್ನೆ ಕೇಳಿದವರು:
ಅಲ್ಲೇ ಕುಳಿತರೆ ಎದುರಿನವರಿಗೆ ಏನೆಂದು ಹೇಳುವುದು?

ಉತ್ತರ 3:
ನನ್ನ ತಂಗಿಗೂ ಹೀಗಾಗುತ್ತದೆ. “ಸ್ವಲ್ಪ ಗಾಬರಿಯಾಗಿದೆ, ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ, ನೀವು ಮಾತು ಮುಂದುವರಿಸಿ” ಎಂದಷ್ಟೇ ಅವಳು ಹೇಳುತ್ತಾಳೆ. ಮುಚ್ಚಿಡುವ ಶ್ರಮ ತಪ್ಪಿದ್ದರಿಂದಲೇ ಅರ್ಧ ಭಾರ ಇಳಿಯಿತು ಎನ್ನುತ್ತಾಳೆ. ನಾನು ಅವಳ ಪಕ್ಕದಲ್ಲಿ ಕುಳಿತು, ಏನನ್ನೂ ಕೇಳದೆ, ಮಾತು ಮುಂದುವರಿಸುತ್ತೇನೆ.